ಕರಗಿದ ಬಾಬ್ತು

ಹದಿನೇಳು ಚಳಿಗಾಲ ನಾನು
ಅಲ್ವಾ ಪೆಟಿಂಗಿಲ್‌ನ ಲೆಕ್ಕ ಬರೆದೆ.
ಕೆನೆಬೆಕ್ ನದಿ ಹೆಪ್ಪುಗಟ್ಟಿದರೆ ನಮಗೆ ಸುಗ್ಗಿ:
ಕುದುರೆ ಗೀರಿದ ಗೆರೆಗುಂಟ ಗರಗಸ,
ಮರದ ಹೊಟ್ಟಿನಲ್ಲಿ ಮಲಗಿದ ನೀರಿನ ದಿಮ್ಮಿ,
ಹಡಗೇರಿ ಸವಾನಾದವರೆಗೆ.
ಜಮಾ, ಖರ್ಚು; ಪಕ್ಕದಲ್ಲಿ
ಅವನೇ ಗೆರೆ ಎಳೆಸಿದ ಮೂರನೆಯ ಅಂಕಣ,
ಕರಗಿದ ಬಾಬ್ತು.
'ಅದನ್ನು ಬರೆಯದವನು ಕಳ್ಳ' ಅನ್ನುತ್ತಿದ್ದ.

ಊರವರು ಆರಿಸಿ ಅಗಸ್ಟಾಕ್ಕೆ ಕಳಿಸಿದರು, ಶಾಸನಸಭೆಗೆ.
ಹೊಸ ಕೋಟು. ಲವೀನಿಯಾ ಗಂಜಿ ಹಾಕಿದ ಕಾಲರು
ಕತ್ತು ಕೊರೆಯುತ್ತಿತ್ತಂತೆ.
ಎರಡು ವರ್ಷದಲ್ಲಿ ಎದ್ದು ನಿಂತದ್ದು ಒಮ್ಮೆ,
ರೈಲುರಸ್ತೆಯ ಹಣದ ದಿನ:
'ಇದರಲ್ಲಿ ಕರಗಿದ್ದೆಷ್ಟು? ಆ ಅಂಕಣ ಎಲ್ಲಿ?'
ಸಭೆ ನಕ್ಕಿತು.
ನಕ್ಕವರ ಲೋಟಗಳಲ್ಲಿ ಅವನದೇ ಐಸು.

ಮುಂದಿನ ಸಲ ಸೋತ.
ಆಮೇಲೆ ಗರಗಸಗಳಿಗೆ ತಾನೇ ಎಣ್ಣೆ ಹಚ್ಚುತ್ತಿದ್ದ,
ಬೇಡವೆಂದರೂ.

ಸತ್ತದ್ದು ಜನವರಿಯಲ್ಲಿ. ನೆಲ ಗುದ್ದಲಿಗೆ ಬಗ್ಗಲಿಲ್ಲ.
ಅವನ ಉಗ್ರಾಣದಲ್ಲೇ, ಅದೇ ಹೊಟ್ಟಿನಲ್ಲಿ
ಏಪ್ರಿಲ್‌ವರೆಗೆ ಇಟ್ಟೆವು.
ಮಣ್ಣು ಮಾಡಿ ಬಂದ ಸಂಜೆ ಪುಸ್ತಕ ತೆರೆದೆ.
ಮೂರನೆಯ ಅಂಕಣ. ತಾರೀಖು ಬರೆದೆ, ಹೆಸರು ಬರೆದೆ;
ತೂಕ ಎಷ್ಟೆಂದು ತೋಚದೆ
ಶಾಯಿ ಒಣಗುವ ತನಕ ಕೂತಿದ್ದೆ.
ಹೊರಗೆ ನದಿ ಬಿರಿಯುವ ಸದ್ದು.