ಆತು, ಮುಗೀತು

ಬೆಳಿಗ್ಗೆ ಎಂಟಕ್ಕೆ ಮಾಪುಸಾದ ದವಾಖಾನೆಯ ಶಟರ್ ಎತ್ತುತ್ತೇನೆ.
ಹೊರಗಿನ ಬಿಸಿಲಿಗಿಂತ ಮೊದಲು ಒಳಗಿನ ಬೊಗಳು ಮೈಗೆ ತಾಗುತ್ತದೆ.
ಪಂಜರದ ಹಳೆ ಪೇಪರು, ಉಚ್ಚೆಯ ಟ್ರೇ, ಫಿನಾಯಿಲು,
ರಾತ್ರಿ ಹೊಲಿಗೆ ಕಿತ್ತುಕೊಂಡವನಿಗೆ ಎರಡು ಬೈಗುಳ,
ನನ್ನ ಮೊಣಕೈ ಮೇಲೆ ಯಾರದೋ ಬೆಕ್ಕು ಬರೆದ ಮೂರು ಗೆರೆ.
ಅದರ ಫೈಲಿನಲ್ಲಿ ಹೆಸರಿಲ್ಲ, "ಪರಚುತ್ತದೆ" ಎಂದಷ್ಟೇ ಇದೆ.

ಡಾಕ್ಟರ್ ಫುರ್ತಾದ್ ಸೂಜಿ ಹಿಡಿಯುತ್ತಾರೆ.
ಉಳಿದದ್ದನ್ನು ನಾನು ಹಿಡಿಯುತ್ತೇನೆ:
ಗದ್ದ, ಭುಜ, ಹಿಂಗಾಲು, ನಡುಕ.
ಮುಂಗಾಲಿನ ಕೂದಲು ಬೋಳಿಸಿ ಹೆಬ್ಬೆರಳು ಒತ್ತಿದರೆ
ನರ ನಿಧಾನಕ್ಕೆ ಏಳುತ್ತದೆ,
ನಲ್ಲಿಗೆ ನೀರು ಬರುವ ಮೊದಲು ಪೈಪು ಸಣ್ಣಗೆ ಅಲುಗಿದ ಹಾಗೆ.

ಮಂದಿಯ ಜೊತೆ ನನ್ನದು ಕೊಂಕಣಿ, ಒಡಕು ಹಿಂದಿ,
ಬಿಲ್ಲಿನಷ್ಟು ಇಂಗ್ಲಿಷು.
ನಾಯಿಗಳ ಜೊತೆ ಮಾತ್ರ ನರಗುಂದದ ಮಾತು.
ಸೂಜಿ ಹೊಕ್ಕಾಗ ಕಿವಿಯ ಹತ್ತಿರ ಬಾಯಿಟ್ಟು ಅನ್ನುತ್ತೇನೆ:
ಆತು ಆತು, ಮುಗೀತು ನಮ್ಮಪ್ಪ, ಮುಗೀತು.
ಲ್ಯಾಬ್ರಡಾರಿಗೂ ಅದೇ, ಬೀಚಿನ ಬೀದಿನಾಯಿಗೂ ಅದೇ.
ಯಾವುದಕ್ಕೂ ತಿಳಿಯುವುದಿಲ್ಲ. ದನಿ ತಿಳಿಯುತ್ತದೆ ಅಂತಾರೆ.

ನಿನ್ನೆ ಮೌಲಾಲಿ ಬಂದ, ಪಾವ್ ಮಾರುವವ.
ಸೈಕಲ್ಲಿನ ಹಿಂದಿನ ಬುಟ್ಟಿಯಲ್ಲಿ, ನೀಲಿ ಪ್ಲಾಸ್ಟಿಕ್ಕಿನ ಕೆಳಗೆ,
ಪಾವ್ ಇರಬೇಕಾದ ಜಾಗದಲ್ಲಿ ನಾಯಿ.
ಹದಿಮೂರು ವರ್ಷ ಅವನ ಹಾರ್ನಿನ ಹಿಂದೆ ಓಡಿದ್ದು.
ಈಗ ಒಂದು ಗುಟುಕು ನೀರೂ ಒಳಗೆ ನಿಲ್ಲುತ್ತಿಲ್ಲ.
ಕಿಡ್ನಿ, ಅಂದರು ಡಾಕ್ಟರ್. ಆಮೇಲೆ ನನ್ನ ಕಡೆ ನೋಡಿದರು.
ಬೀಗದ ಕಪಾಟಿನ ಬಾಟಲಿ ತಂದೆ.

ಅವ ಬಗ್ಗಿ ಅದಕ್ಕೆ ಹೇಳಿದ:
"ಏಳಬ್ಯಾಡ, ಮಲಕೋ. ಯಾರೂ ಬೈಯೂದಿಲ್ಲ."
ನಾಯಿ ಬಾಲ ಅಲ್ಲಾಡಿಸಿತು, ಒಂದೇ ಸಲ, ಮಲಗಿತು.
ನನ್ನ ಹೆಬ್ಬೆರಳ ಕೆಳಗೆ ನರ ಎದ್ದಿತ್ತು.
ಬಾಯಿ ಕಿವಿಯ ಹತ್ತಿರವೇ ಇತ್ತು.
ದಿನಕ್ಕೆ ಇಪ್ಪತ್ತು ಸಲ ಆಡುವ ಮಾತು
ಅರ್ಥವಾಗುವ ಕಿವಿ ಸಿಕ್ಕ ದಿನ
ಹೊರಡಲಿಲ್ಲ.

"ಯಾವೂರಲೇ ನಿಂದು?" ಅಂದೆ, ನಾಯಿಗೆ.
ಅವನೇ ಉತ್ತರ ಕೊಟ್ಟ: "ಇಲ್ಲೀದರೀ. ಭಟ್ಟಿ ಹಿಂದ ಹುಟ್ಟಿದ್ದು."
"ಹಂಗಾರ ಈ ಕನ್ನಡ?"
"ನಾ ಮಾತಾಡೂದರೀ. ಖೋಲ್ಯಾಗ ಮತ್ಯಾರದಾರ?"

ಅಷ್ಟರಲ್ಲಿ ಡಾಕ್ಟರ್ ಕಿವಿಯಿಂದ ಸ್ಟೆತೋಸ್ಕೋಪ್ ತೆಗೆದಿದ್ದರು.

ಬುಟ್ಟಿಗೆ ಹಳೆಯ ಟವೆಲು ಹಾಸಿಕೊಟ್ಟೆ. ದುಡ್ಡು ಬೇಡವೆಂದರು.
ಅವ ಹ್ಯಾಂಡಲಿನ ಚೀಲದಿಂದ ಹತ್ತು ಪಾವ್ ತೆಗೆದು
ಕೌಂಟರಿನ ಮೇಲಿಟ್ಟು ಹೋದ. ಹಾರ್ನ್ ಒತ್ತಲಿಲ್ಲ.
ಸಂಜೆಯ ತನಕ ಯಾರೂ ಮುಟ್ಟಲಿಲ್ಲ.
ಮೂರನೇ ಪಂಜರದಲ್ಲಿ, ಹೊಟ್ಟೆಗೆ ಹೊಸ ಹೊಲಿಗೆಯ ಹೆಣ್ಣುನಾಯಿ
ಅದನ್ನೇ ನೋಡುತ್ತಿತ್ತು.
ಒಂದನ್ನು ಮುರಿದು ಸರಳಿನ ಸಂದಿಯಲ್ಲಿ ಹಿಡಿದೆ.
ತಿನ್ನು, ಅಂದೆ.
ತಿಂತು.