ಕಡಕೊಳ ದಾಟಿದ ಮೇಲೆ

ಏಳು ನಲವತ್ತರ ಗಾಡಿ ಏಳು ನಲವತ್ತಕ್ಕೇ ಬಂದರೆ
ನಂಜನಗೂಡಿನ ಪ್ಲಾಟ್‌ಫಾರ್ಮು ಗಾಬರಿಬೀಳುತ್ತದೆ.
ಇಡ್ಲಿ ಬಾಯಲ್ಲಿ, ಪಿನ್ನು ಹಲ್ಲಲ್ಲಿ,
ಒಬ್ಬರ ಚಪ್ಪಲಿ ಇನ್ನೊಬ್ಬರ ಸೆರಗಿನ ಮೇಲೆ,
ಓಡು.

ಮೂರನೇ ಬೋಗಿ. ಕಿಟಕಿ ರೇವಮ್ಮಣ್ಣಿಯದು.
ಬರೆದುಕೊಟ್ಟವರಿಲ್ಲ, ಖಾತೆ ಆಗಿಲ್ಲ,
ಕಚೇರಿ ಕಸ ಗುಡಿಸಲು ಹೊರಟು
ಹತ್ತೊಂಬತ್ತು ವರ್ಷ ಕೂತೂ ಕೂತೂ ಬಂದ ಸ್ವಾಧೀನ.
ಎದುರಿಗೆ ಮುಬೀನಾ, ರೇಷ್ಮೆ ಕಾರ್ಖಾನೆ.
ಎಳೆ ಹಿಡಿದು ಬೆರಳ ತುದಿಯ ಗೆರೆ ಸವೆದು
ರೇಷನ್ ಅಂಗಡಿಯ ಯಂತ್ರ
ಅವಳನ್ನು ಅವಳೆಂದು ಒಪ್ಪುವುದಿಲ್ಲ.
ನಡುವೆ ನಾನು. ಸಯ್ಯಾಜಿರಾವ್ ರಸ್ತೆಯ ಕನ್ನಡಕದಂಗಡಿಯಲ್ಲಿ
ಎಡಗಣ್ಣು ಮೈನಸ್ ಒಂದೂವರೆ ಅಂತ ಚೀಟಿ ಓದಿಕೊಂಡು
ಹಿಂದಿನ ಕೋಣೆಯಲ್ಲಿ ಗಾಜು ಅರೆಯುವವಳು.

ಸೇತುವೆ ಬಂತೆಂದರೆ ಮಾತು ನಿಲ್ಲುತ್ತದೆ.
ಮೊದಲೆಲ್ಲ ಕಪಿಲೆಗೆ ಒಂದು ರೂಪಾಯಿ ಎಸೆಯುತ್ತಿದ್ದಳು ರೇವಮ್ಮಣ್ಣಿ.
ಮಗಳ ಬಾಣಂತನದ ವರ್ಷ ಬರಿಗೈ ಮುಗಿದು
"ಲೆಕ್ಕ ಬರ್ಕೊ ಕನವ್ವ, ರಿಟೈರಾದ್ಮೇಲೆ ಒಟ್ಗೇ ಕೊಡ್ತೀನಿ"
ಎಂದು ಹೊಳೆಗೇ ಸಾಲ ಹೇಳಿದಳು.

ಮಾಗಿಯಲ್ಲಿ ಬೋಗಿಯೆಲ್ಲ ಅವರೆ ಸೊಗಡು.
ಯಾರದೋ ಟವೆಲಿನ ಮೇಲೆ ಎರಡು ಕೇಜಿ ಕಾಯಿ,
ಕೇಳದೆ ಬಂದ ಹತ್ತು ಕೈ.
ಸುಜಾತಪುರಕ್ಕೆ ಹುಳ ಸಿಕ್ಕಿ ಕಿರುಚಾಟ,
ತಾಂಡವಪುರಕ್ಕೆ ಯಾರದೋ ನಾದಿನಿಯ ವಿಷಯ,
ಕಡಕೊಳಕ್ಕೆ ಟವೆಲು ಗಂಟಾಗಿ, ಸಿಪ್ಪೆ ಕಿಟಕಿಯಾಚೆ.
ಕಾಯಿ ಯಾರದೆಂದು ಎಷ್ಟೋ ದಿನ ನನಗೆ ಗೊತ್ತೇ ಆಗಲಿಲ್ಲ.

ಕಡಕೊಳ ದಾಟಿದ ಮೇಲೆ ಬಲಕ್ಕೆ ಬೆಟ್ಟ.
ಆಮೇಲೆ ಯಾರೂ ಹೆಚ್ಚು ಮಾತಾಡುವುದಿಲ್ಲ.
ಅತ್ತಿಗೆಯೋ ಅಮ್ಮನೋ ಆಗಿ ಹತ್ತಿದವರು
ಗುರುತಿನ ಚೀಟಿ ಕೊರಳಿಗೆ ಹಾಕಿ,
ಕೂದಲು ನೀವಿಕೊಂಡು
ಸಂಬಳದವರಾಗುತ್ತಾರೆ.
ಸಂಜೆ ಅದೇ ಜಾಗದಲ್ಲಿ ಚೀಟಿ ಮತ್ತೆ ಪರ್ಸಿಗೆ.

ಎರಡು ಪವರಿನ ಕನ್ನಡಕದಲ್ಲಿ
ಮೇಲೆ ದೂರದ್ದು, ಕೆಳಗೆ ಹತ್ತಿರದ್ದು,
ನಡುವೆ ಕೂದಲೆಳೆಯಷ್ಟು ಗೆರೆ.
ಹೊಸದಾಗಿ ಹಾಕಿಕೊಂಡವರು ಅಂಗಡಿಯ ಮೆಟ್ಟಿಲಲ್ಲೇ
ಆ ಗೆರೆಗೆ ಎಡವುತ್ತಾರೆ.
"ಅಭ್ಯಾಸ ಆಗುತ್ತೆ ಸಾರ್" ಎನ್ನುತ್ತೇನೆ.
ಗೆರೆಯಲ್ಲಿ ಏನೂ ಕಾಣುವುದಿಲ್ಲ, ಅರೆಯುವವಳಿಗೆ ಗೊತ್ತು.
ದಿನಕ್ಕೆ ಒಂದೂವರೆ ಗಂಟೆ ನಾನಿದ್ದದ್ದು ಅಲ್ಲಿ,
ಯಾರಿಗೂ ಕಾಣದೆ.

ಹೋದ ದಸರೆ ಮುಗಿದ ಮೇಲೆ ಮೈಸೂರಲ್ಲೇ ಮನೆ ಮಾಡಿದೆವು.
ಪಾಸಿಗೆ ಇನ್ನೂ ಹನ್ನೊಂದು ದಿನ ಬಾಕಿಯಿತ್ತು.
"ನಿಂಗೇ ಒಳ್ಳೇದು, ಎಷ್ಟು ಟೈಮು ಉಳಿಯುತ್ತೆ" ಎಂದರು ಇವರು.
ಉಳಿಯಿತು.
ಬೆಳಗಿನ ಮುಕ್ಕಾಲು ಗಂಟೆಗೆ ಚಪಾತಿ ಬಂದು ಕೂತಿತು,
ಸಂಜೆಯದಕ್ಕೆ ಮಾವನ ಸಕ್ಕರೆ ಮಾತ್ರೆ, ಮಗನ ಮಗ್ಗಿ,
ಒಣಗಿದ ಬಟ್ಟೆ.
ಎರಡಕ್ಕೂ ಕಿಟಕಿಯಿಲ್ಲ.

ಮೊನ್ನೆ ಮಂಗಳವಾರ, ಅಂಗಡಿಗೆ ವಾರದ ರಜೆ,
ತರಕಾರಿಗೆಂದು ಹೊರಟವಳು
ಚೀಲ ಹಿಡಿದು ಚಾಮರಾಜಪುರಂ ಸ್ಟೇಷನ್ನಿನಲ್ಲಿ ನಿಂತಿದ್ದೆ.
ಗಾಡಿ ಬಂತು. ಮೂರನೇ ಬೋಗಿ.
ನನ್ನ ಜಾಗದಲ್ಲಿ ಜಡೆ ಮುಂದೆ ಹಾಕಿಕೊಂಡ ಹೊಸ ಹುಡುಗಿ,
ಆಗಲೇ ಉಗುರು ಹಸಿರು.
ಮುಬೀನಾ ಅಶೋಕಪುರಂನಲ್ಲೇ ಇಳಿದಾಗಿತ್ತು.
ರೇವಮ್ಮಣ್ಣಿಗೆ ಅಚ್ಚರಿಯೇನೂ ಆಗಲಿಲ್ಲ.
ಕಿಟಕಿಯ ಸರಳಿನ ನಡುವಿಂದ ಬೊಗಸೆ ಬೊಗಸೆ ಕಾಯಿ
ನನ್ನ ಚೀಲಕ್ಕೆ ಸುರಿದಳು:
"ಇವತ್ತು ಮಾತು ಜಾಸ್ತಿಯಾಗಿ ಉಳ್ಕಂಡ್ವು, ಸುಲ್ದಿಡು."
ಯಾರದು ಅಂದೆ.
ಗಾಡಿ ಹೊರಟಿತ್ತು.

ಕಲ್ಲು ಬೆಂಚಿನಲ್ಲಿ ಕೂತು ಒಂದೊಂದೇ ಸುಲಿದೆ.
ಒಂದು ಹುಳ ಸಿಕ್ಕಿತು. ಕಿರುಚಲಿಲ್ಲ.
ಎದುರಿನ ಹಳಿಯ ಮೇಲೆ ಬಿಸಿಲು ಬಂದು, ದಾಟಿ,
ನನ್ನ ಕಾಲಿನವರೆಗೂ ಬಂತು.

ಮನೆ ಸೇರಿದಾಗ ಹತ್ತೂವರೆ.
ಮಾವ ಗಡಿಯಾರ ನೋಡಿದರು, ಚೀಲ ನೋಡಿದರು.
ಬಾಯಿಗೆ ಬಂದದ್ದು ಹಳೆಯದೇ:
ಗಾಡಿ ಲೇಟು.