ಮಗ್ಗದ ಕುಣಿ ತಳಗ

ಹೊಸ್ತಿಲದ ಮ್ಯಾಲ ಕೆಂಪು ಬಣ್ಣದಾಗ
ಒಂದು ಬಾಣ ಬರದು ಹೋಗ್ಯಾರ,
ಬಾಜೂಕ ೨೧೪.
ಬಾಣದ ಮೂತಿ ನಮ್ಮ ಪಡಸಾಲಿ ಕಡೆ.

ಇಂಜಿನಿಯರ್ ಹುಡುಗ ಚಲೋ ಅದಾನ,
ಬೂಟು ಹೊರಗ ಬಿಟ್ಟು ಒಳಗ ಬಂದ.
ಹಿತ್ತಲ ಸಂಡಾಸದಿಂದ ಮುಂದಿನ ಓಣಿ ತನಕ
ಟೇಪು ಎಳದ. ನಲವತ್ತೊಂದು ಫೂಟು.
ಹಿಂದಿನ ಸಂದಿ ಏರು ಐತ್ರಿ, ನೀರು ಏರೂದಿಲ್ಲ,
ಆಜೂಬಾಜೂ ಗೋಡಿ ಒಂದಕ್ಕೊಂದು ಹತ್ಯಾವ,
ನೀವು ಕುಂತೀರಲ್ಲ ಅವ್ವಾರ,
ಅದರ ತಳಗನ ಪೈಪು ಹೋಗಬೇಕು.

ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕುಂತಿದ್ದೆ.
ಲಾಳಿ ಬಲಗೈಯಾಗನ ಉಳೀತು.

ನಮ್ಮ ಮಾವ ಕಡದ ಕುಣಿ ಇದು.
ಗುಳೇದಗುಡ್ಡದ ನೆಲ, ಒಂದು ಗೇಣು ಮಣ್ಣು, ಆಮ್ಯಾಲ ಬರೀ ಬಂಡಿ.
ಮೊಳಕಾಲಮಟ ಇಳಿಯೂದಕ್ಕ ಹದಿನೇಳು ದಿನ ಹಿಡೀತಂತ.
ಇವರ ಮಶೀನು ಒಂದ ತಾಸಿನ್ಯಾಗ ಒಡೀತೈತಿ,
ಗೋಡಿ ಬಿರುಕು ಬಿಟ್ರ ಫೋನ್ ಮಾಡ್ರಿ ಅಂತ ನಂಬರ್ ಕೊಟ್ಟಾನ.

ಮೊನ್ನೆ ಸಾಲ್ಯಾಗ ಮೀಟಿಂಗು,
ಸಣ್ಣ ಬೆಂಚಿನ ಮ್ಯಾಲ ದೊಡ್ಡ ಮಂದಿ.
ಮಲ್ಕಾಜಪ್ಪ ಎದ್ದು ನಿಂತ:
ನಳ ಬರೂದು ಎಂಟ ದಿನಕ್ಕೊಮ್ಮೆ, ಅದೂ ನಸಿಕಿನ್ಯಾಗ,
ಕೊಡ ತುಂಬಸೂದೋ ನಿಮ್ಮ ಪೈಪಿಗೆ ಸುರಿಯೂದೋ?
ಖತೀಜಾಬಿ ಕುಂತಲ್ಲೆ ಅಂದಳು:
ಮೂರು ಸಲ ಸಿಮೆಂಟ್ ಹಾಕಿ ರೋಡು ಏರಿಸೀರಿ,
ನಮ್ಮ ಮನಿ ಬಾವಿ ಆಗೇತಿ.
ಮಳಿಗಾಲದಾಗ ಊರ ಮಂದೀದೆಲ್ಲಾ ನನ್ನ ಬಚ್ಚಲಕ್ಕ ತಿರುಗಿ ಬಂದ್ರ
ಬರ್ರಿ, ಕುಂದರ್ರಿ ಅನ್ಲ್ಯಾ?
ಎಲ್ಲಾರೂ ನಕ್ಕರು. ಆಕಿ ನಗಲಿಲ್ಲ.
ಬಾಡಿಗಿ ಮನ್ಯಾವರು ರೊಕ್ಕದ ಮಾತು ತಗದರು,
ಮಾಲಕರು ಕಿಟಕಿ ಹೊರಗ ನೋಡಿದರು.
ಸಾಹೇಬರು ಎಲ್ಲಾ ಬರಕೊಂಡರು.
ಬರಕೊಳ್ಳೂದು ಚಲೋ ಬರತೈತಿ ಅವರಿಗೆ.

ನಾ ಒಂದು ಕೇಳಬೇಕಂತ ಹೋಗಿದ್ದೆ.
ಕೇಳಲಿಲ್ಲ.

ನಮ್ಮ ಹಿತ್ತಲ ಗೋಡ್ಯಾಗ ಒಂದು ಗೂಡು,
ಗೂಡಿನ್ಯಾಗ ಕಿವಿ ಮುರದ ಒಂದು ಕಪ್ಪು.
ಮೂರು ವರ್ಷಕ್ಕೊಮ್ಮೆ ಸಂಡಾಸದ ಕುಣಿ ತುಂಬಿದಾಗ
ರಾತ್ರಿ ಹನ್ನೊಂದರ ಮ್ಯಾಲ ಸಾಬಣ್ಣ ಬರತಿದ್ದ,
ಹಿಂದಿನ ಸಂದಿಲೆ, ಅಡ್ಡಾಗಿ, ತಮ್ಮನ್ನ ಕರಕೊಂಡು.
ಅವ ಬಕೀಟು ಹಿಡದು ಇಳೀತಿದ್ದ,
ನಾವು ಒಳಗ ಊದಿನಕಡ್ಡಿ ಹಚ್ಚತಿದ್ವಿ.
ನಸಿಕಿನ್ಯಾಗ ಆ ಕಪ್ಪಿಗೆ ಮ್ಯಾಲಿಂದ ಚಹಾ ಸುರೀತಿದ್ದೆ,
ಕುಡದು, ತೊಳದು, ಅವನ ಗೂಡಿನ್ಯಾಗ ಇಡತಿದ್ದ.
ಇಪ್ಪತ್ತಾರು ವರ್ಷ. ನಾ ಆ ಕಪ್ಪು ಮುಟ್ಟಿಲ್ಲ.

ಕಡೀ ಸಲ ತಮ್ಮ ಒಬ್ಬನ ಬಂದಿದ್ದ.
ಅಣ್ಣ ಎಲ್ಲಿ ಅಂದೆ.
ಇನ್ನ ಅವ ಎಲ್ಲೂ ಇಳಿಯೂದಿಲ್ರಿ, ಅಂದ.
ಮುಂದ ಕೇಳಲಿಲ್ಲ ನಾ.
ಇನ್ನೂರು ರೂಪಾಯಿ ಹೆಚ್ಚಿಗಿ ಕೊಟ್ಟೆ.

ಅದಕ್ಕ ಈ ಹುಡುಗನ್ನ ಕೇಳಿದೆ:
ತಮ್ಮಾ, ಪೈಪು ಕಟಗೊಂಡ್ರ ಯಾರು ಇಳೀತಾರ?
ಯಾರೂ ಇಲ್ರಿ, ಮಶೀನು.
ಈ ಓಣ್ಯಾಗ ಎತ್ತಿನ ಬಂಡಿ ತಿರುಗೂದಿಲ್ಲ, ಅಂದೆ.
ಅವ ಟೇಪು ಸುತ್ತಗೊಳ್ಳಾಕ ಹತ್ತಿದ,
ಅದು ಅರ್ಧಕ್ಕ ಸಿಕ್ಕೊಂಡು ನಿಂತಿತು.

ಬರಕೋ ಇದನ್ನ, ಅಂದೆ.
ಫಾರ್ಮಿನ್ಯಾಗ ಆ ಕಾಲಮ್ ಇಲ್ರಿ ಅವ್ವಾರ.
ಅಂಚಿನ್ಯಾಗ ಬರಿ.
ಖಣ ಕೊಳ್ಳಾವರೂ ಮದಲ ಅಂಚು ನೋಡತಾರ.

ಬರದ. ಪೆನ್ಸಿಲಿಲೆ, ಸಣ್ಣಾಗಿ. ಆದರ ಬರದ.

ಮಗ್ಗದ ಮ್ಯಾಲ ಇನ್ನಾ ಒಂಬತ್ತು ಖಣದ ಹಾಸು ಐತಿ,
ಅದು ಇಳಿಯೂಮಟ ತಡಕೊಳ್ರಿ,
ಆಮ್ಯಾಲ ಒಡೀರಿ, ನಾ ಕಾಲು ಎತ್ತಗೋತೀನಿ ಅಂತ ಹೇಳಿ ಕಳಿಸಿದೆ.

ಸಂಜೀಕ ಆ ಕಪ್ಪು ತಗದೆ.
ಒಳಗ ಜೇಡ ಬಲಿ ಕಟ್ಟಿತ್ತು, ತೊಳದೆ.
ಅಡಗಿ ಮನಿ ಹಲಗಿ ಮ್ಯಾಲ ಇಟ್ಟೆ, ತಗದೆ.
ಹೊರಗ ಒಗೀಲಿಕ್ಕೆ ಕೈ ಬರಲಿಲ್ಲ.
ಸದ್ಯ ಕುಣಿ ದಂಡಿ ಮ್ಯಾಲ,
ಕಂಡಕಿ ಪುಟ್ಟಿ ಬಾಜೂಕ ಐತಿ.
ಲಾಳಿ ಹೊಡದಾಗೊಮ್ಮೆ
ಸಣ್ಣಾಗಿ ನಡಗತೈತಿ.